ಶಿಗ್ಲಿಯ ಸತ್ತ ಬೋರು ಚಿಮ್ಮಿದ ದಿನ

ಬೆಟಗೇರಿಯ ನಮ್ಮ ಮನೆಯಲ್ಲಿ ಇನ್ನೂ ಚಹಾ ಆಗಿರಲಿಲ್ಲ, ಶಿಗ್ಲಿಯಿಂದ ಶಾಂತಕ್ಕನ ಫೋನು ಬಂತು. "ಸತ್ತ ಬೋರು ತಾನಾಗೇ ಚಿಮ್ಮಾಕತ್ತೈತಿ. ತವರಿನ ಉಡಿ ತಗೊಂಡು ಜಲ್ದಿ ಬಾ" ಎಂದಳು. ನಾನು ನಂಬಲಿಲ್ಲ. ಆ ಬೋರು ಒಣಗಿದ್ದಕ್ಕೇ ಭಾವ ಈ ಯುಗಾದಿಯಿಂದ ಹೊಲವನ್ನು ಹಳ್ಳದಾಚೆಯ ಫಕೀರಪ್ಪನಿಗೆ ಲಾವಣಿಗೆ, ಅಂದರೆ ಗೇಣಿಗೆ, ಕೊಡಲು ಒಪ್ಪಿದ್ದರು. ತನ್ನ ಹೊಲವನ್ನು ಇನ್ನೊಬ್ಬರು ಉಳುವುದನ್ನು ಬದುವಿನ ಮೇಲೆ ನಿಂತು ನೋಡಲಾರೆ ಎಂದು ಅಕ್ಕ ಹಟ ಹಿಡಿದಿದ್ದಳು. ಈಗ ನೀರು ಬಂತೆಂದು ಬೆಳಗಾಗುತ್ತಲೇ ಅವನಿಗೆ 'ಹೊಲ ಕೊಡುವುದಿಲ್ಲ' ಎಂದು ಹೇಳಿಕಳಿಸಿದ್ದಳಂತೆ.

ನಮ್ಮ ಓಣಿಯಲ್ಲೇ ನೇಯ್ದ ಹಸಿರು ಸೀರೆ, ಒಂದು ರವಿಕೆ ಖಣ, ತೆಂಗಿನಕಾಯಿ, ಹೀಗೆ ಮಡಿಲು ತುಂಬುವ ಸಾಮಾನು ಚೀಲಕ್ಕೆ ಹಾಕಿಕೊಂಡು ಗದಗಿನಲ್ಲಿ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಹೆಂಗಸರಿಗೆ ಪುಕ್ಕಟೆಯಾದ ಮೇಲೆ ಸೀಟು ಸಿಗುವುದು ಪುಣ್ಯವಿದ್ದರೆ ಮಾತ್ರ. ಸೊರಟೂರಿನವರೆಗೂ ನಿಂತೇ ಹೋದೆ. ಶಿರಹಟ್ಟಿ ದಾಟುವಷ್ಟರಲ್ಲಿ ಕಿಟಕಿಯ ಗಾಳಿ ಒಲೆಯ ಬಾಯಿಂದ ಬಂದ ಹಾಗಿತ್ತು. ಲಕ್ಷ್ಮೇಶ್ವರದಲ್ಲಿ ಒಂದು ಪ್ಲೇಟು ಗಿರಮಿಟ್ಟು ತಿಂದು ಶಿಗ್ಲಿಗೆ ಹೋಗುವ ಆಟೋದಲ್ಲಿ ತೂರಿಕೊಂಡೆ. ನನ್ನ ಚೀಲ ನೋಡಿ ಪಕ್ಕದ ಮುದುಕಿ, ಸೀಮಂತ ಯಾರದು ಎಂದು ಕೇಳಿದಳು. ಬೋರಿನದು ಎನ್ನಲು ನಾಚಿಕೆಯಾಯಿತು.

ಹೊಲಕ್ಕೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದೇ ನೀರು. ಬೇವಿನ ಮರದ ಕೆಳಗಿನ ತುಕ್ಕು ಹಿಡಿದ ಪೈಪು ಆಳೆತ್ತರಕ್ಕೆ ಕೆಸರು ನೀರು ಉಗುಳಿ, ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಉಗುಳಿತು. ಹಳ್ಳದಾಚೆ ಫಕೀರಪ್ಪನ ಹೊಲದಲ್ಲಿ ಹೊಸ ಬೋರು ಕೊರೆಯುವ ಲಾರಿ ಗುಡುಗುತ್ತಿತ್ತು. ಅದರ ಕಡೆ ಯಾರಿಗೂ ಲಕ್ಷ್ಯವಿರಲಿಲ್ಲ.

ಅಕ್ಕ ಪೈಪಿಗೆ ಅರಿಷಿಣ ಕುಂಕುಮ ಹಚ್ಚಿದಳು. ಉಡಿಯನ್ನು ಮುಂದೆ ಇಟ್ಟು ಕೈ ಮುಗಿದರೆ ಸಾಕು ಎಂದು ನಾನಂದೆ. ಅಕ್ಕನ ಅತ್ತೆ ಒಪ್ಪಲಿಲ್ಲ. ಗಂಗವ್ವನ ಮಡಿಲು ಎಂದರೆ ಪೈಪಿನ ಬಾಯಿಯೇ ಎಂಬುದು ಅವರ ವಾದ. ಅಕ್ಕಿ, ಉತ್ತತ್ತಿ, ಅಡಿಕೆಯನ್ನು ಒಳಗೆ ಸುರಿದರು. ತೆಂಗಿನಕಾಯಿಯನ್ನು ಖಣದಲ್ಲಿ ಸುತ್ತಿ ಮೇಲಿನಿಂದ ಒತ್ತಿದರು. ಅದು ಬಾಟಲಿಗೆ ಬಿರಡೆ ಹಾಕಿದಂತೆ ಗಟ್ಟಿಯಾಗಿ ಕೂತಿತು. ಸೀರೆಯನ್ನು ಮಾತ್ರ ಅಕ್ಕ ತನ್ನ ತೋಳ ಮೇಲೇ ಇಟ್ಟುಕೊಂಡಳು.

ನೀರು ಬರಲಿಲ್ಲ. ಗಂಗವ್ವನಿಗೆ ತೃಪ್ತಿಯಾಯಿತು ಎಂದರು ಸುತ್ತ ನೆರೆದಿದ್ದ ಊರ ಹೆಂಗಸರು. ಅಕ್ಕನಿಗೆ ಮಾತ್ರ ತಡೆಯಲಾಗಲಿಲ್ಲ. ಮಂಡಿಯೂರಿ ಪೈಪಿನ ಬಾಯಿಗೆ ಕಿವಿ ಕೊಟ್ಟಳು.

"ಒಳಗ ಗುರುಗುಟ್ಟಾಕತ್ತಾಳ. ತಂಗೀ, ನೀನೂ ಕೇಳ ಬಾ" ಎಂದು ನನ್ನ ಕಡೆ ಹೊರಳಿದಳು.

ಹೊರಳಿದ್ದೇ ಅವಳನ್ನು ಉಳಿಸಿತು. ಮದ್ದು ಸಿಡಿದಂತಹ ಸದ್ದಾಯಿತು. ತೆಂಗಿನಕಾಯಿ ಅವಳ ಕಿವಿಯ ಪಕ್ಕದಿಂದಲೇ ಹಾರಿಹೋಯಿತು. ಬೇವಿನ ಟೊಂಗೆಯೊಂದು ಮುರಿದು ನಮ್ಮ ನಡುವೆ ಬಿತ್ತು. ಮರಕ್ಕಿಂತ ಎತ್ತರಕ್ಕೆ ಎದ್ದ ನೀರು ಅಕ್ಕಿ, ಅಡಿಕೆ ಸಮೇತ ತಲೆಯ ಮೇಲೆ ಸುರಿಯಿತು. ಅತ್ತೆ ಕೂತಲ್ಲೇ ಕಲ್ಲಾಗಿದ್ದರು.

ಸದ್ದು ಕೇಳಿ ಫಕೀರಪ್ಪ ಹಳ್ಳ ದಾಟಿ ಓಡಿ ಬಂದ. ಕೊರೆದ ಮಣ್ಣು ಹೊರಹಾಕಲು ತಾವು ಒಳಗೆ ಒತ್ತುವ ಗಾಳಿ ನಸುಕಿನಿಂದ ಎಲ್ಲಿಗೋ ಸೋರುತ್ತಿದೆ ಎಂದು ಲಾರಿಯವರು ಹೇಳುತ್ತಲೇ ಇದ್ದರಂತೆ. ಬಂಡೆಯ ಬಿರುಕಿನಲ್ಲಿ ನುಗ್ಗಿದ ಆ ಗಾಳಿ ನಮ್ಮ ಬೋರಿನ ತಳದ ನೀರನ್ನು ಎತ್ತಿ ಒಗೆಯುತ್ತಿತ್ತು. ಅವರು ಹೊಸ ರಾಡು ಜೋಡಿಸಲು ನಿಲ್ಲಿಸಿದಾಗ ನಮ್ಮದೂ ನಿಲ್ಲುತ್ತಿತ್ತು. ನಾವು ಬಾಯಿ ಮುಚ್ಚಿದ್ದೇ ತಪ್ಪಾಗಿತ್ತು: ಗಾಳಿ ಒಳಗೇ ಕೂಡಿಕೊಂಡು, ತಡವಾಗಿ, ಒಮ್ಮೆಲೇ ಸಿಡಿಯಿತು. ಅವನು ಹೇಳುತ್ತಿರುವಾಗಲೇ ಲಾರಿಯ ಸದ್ದು ನಿಂತಿತು. ಆಚೆಯಿಂದ ಯಾರೋ ನೀರು ಬಿತ್ತೆಂದು ಕೂಗಿದರು. ನಮ್ಮ ಪೈಪು ಮತ್ತೆ ಉಸಿರೆತ್ತಲಿಲ್ಲ.

ಅಕ್ಕನ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಬೆಳಿಗ್ಗೆಯ ಮಾತನ್ನು ಅವಳೀಗ ಹಿಂದಕ್ಕೆ ತೆಗೆದುಕೊಳ್ಳಬೇಕಲ್ಲ ಎನಿಸಿತು. ಫಕೀರಪ್ಪ ಮೆಲ್ಲಗೆ, ಹಾಗಾದರೆ ಲಾವಣಿ ಮೊದಲು ಮಾತಾಡಿದ ಹಾಗೇ ಅಲ್ಲವೇ ಎಂದ.

ಅಕ್ಕ ಮೋರೆಯ ಮೇಲಿನ ಕೆಸರನ್ನು ಸೆರಗಿನಿಂದ ಒರೆಸಿಕೊಂಡಳು. "ನಿಮ್ಮ ಗಾಳಿ ನಮ್ಮ ಬೋರಿಗೆ ಬರತೈತಿ ಅಂದಮ್ಯಾಲ ನೆಲದಾಗ ಎರಡೂ ಒಂದ ಆತಲ್ಲ, ಫಕೀರಪ್ಪಣ್ಣ. ನಾಳೆ ನೀವು ನೀರು ಎತ್ತಿದ್ರ ನಮ್ಮ ಬುಡದ್ದೂ ಬರತೈತಿ. ಹೊಲಾ ಕೊಡಂಗಿಲ್ಲ. ನೀರಿನ ಪಾಳಿ ಹಚ್ಚೂಣು."

ಫಕೀರಪ್ಪ ಪೈಪು ನೋಡಿದ, ಮುರಿದ ಟೊಂಗೆ ನೋಡಿದ. "ಅದೂ ಖರೆ" ಎಂದ.

ಸಂಜೆ ಹೊರಟಾಗ ಆಟೋದಿಂದ ತಿರುಗಿ ನೋಡಿದೆ. ನನ್ನ ಖಣ ಬೇವಿನ ತುದಿಯಲ್ಲಿ ಸಿಕ್ಕಿಕೊಂಡಿತ್ತು. ಕೆಳಗೆ ಅಕ್ಕ, ಒದ್ದೆಯಾದ ಬೆಟಗೇರಿ ಸೀರೆಯನ್ನು ತೋಳ ಮೇಲೆ ಹಾಕಿಕೊಂಡು, ಆಚೆಯ ಹೊಸ ಬೋರಿಗೆ ಉಡಿ ತುಂಬಲು ಹಳ್ಳಕ್ಕೆ ಇಳಿಯುತ್ತಿದ್ದಳು.