ಜಪಾನ್ ಸಾಬರ ಬೆಂಚು

ನಾನು ರಾಮನಗರದಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಾಗ ನಡೆದದ್ದು ಇದು. ದೆವ್ವ ಎಂಬುದು ಭಯಕ್ಕೆ ನಾವಿಟ್ಟ ಹೆಸರು ಎಂದು ವಾದಿಸಿ ಚರ್ಚಾಸ್ಪರ್ಧೆಯ ಷೀಲ್ಡ್ ಗೆದ್ದಿದ್ದೆ. ಮಾರನೇ ದಿನವೇ ಗೆಳತಿ ಆಫ್ರೀನ್ ಕೈ ಹಿಡಿದೆಳೆದಳು.

"ಮೈಕ್ ಮುಂದೆ ಯಾರ್ ಬೇಕಾದ್ರೂ ಮಾತಾಡ್ತಾರೆ ಕಣೇ. ಧೈರ್ಯ ಇದ್ರೆ ನಮ್ ನಾನಿ ಹೋಟ್ಲಲ್ಲಿ ಬಂದು ಹೇಳು."

ನಾನಿ ಎಂದರೆ ಅವಳ ಅಜ್ಜಿ. ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ರೇಷ್ಮೆ ನೂಲು ತೆಗೆಯುವ ಘಟಕಗಳ ನಡುವೆ ಅವರ ಪುಟ್ಟ ಹೋಟೆಲು. ಅಲ್ಲಿ ಸಿಗುತ್ತಿದ್ದದ್ದು ಒಂದೇ ತಿಂಡಿ, ಜಪಾನ್ ಶಾವಿಗೆ. ಮೈದಾ ಹಿಟ್ಟನ್ನು ಬಟ್ಟೆಯಲ್ಲಿ ಸುತ್ತಿ, ಕಾಲಲ್ಲಿ ತುಳಿದು ಹದ ಮಾಡಿ (ಗಿರಾಕಿಗಳಿಗೆ ಇದನ್ನು ಹೇಳುತ್ತಿರಲಿಲ್ಲ), ಬೆರಳು ದಪ್ಪಕ್ಕೆ ಕತ್ತರಿಸಿ, ಕೋಳಿಸಾರಿನಲ್ಲಿ ಮುಳುಗಿಸಿ ಬಿಸಿಬಿಸಿ ಕೊಡುತ್ತಿದ್ದರು. ತಿನ್ನಲು ಚನ್ನಪಟ್ಟಣದ ಬೊಂಬೆಯವರಿಂದ ಕಡೆಸಿ ತಂದ, ಅರಗಿನ ಬಣ್ಣದ ಮರದ ಜೋಡಿ ಕಡ್ಡಿಗಳು. ಅರ್ಧ ಪ್ಲೇಟ್ ಬಿರಿಯಾನಿಗಿಂತ ಅಗ್ಗ.

ಇದನ್ನು ಕಲಿಸಿದವರು ಬಹಳ ವರ್ಷಗಳ ಹಿಂದೆ ರೇಷ್ಮೆ ಕೆಲಸ ಹೇಳಿಕೊಡಲು ಬಂದು, ನಾನಿಯ ಮನೆಯಲ್ಲಿ ಬಾಡಿಗೆಗಿದ್ದ ಒಬ್ಬ ಜಪಾನಿನವರು, ನಾನಿಯ ಬಾಯಲ್ಲಿ 'ಜಪಾನ್ ಸಾಬ್'. ಹೋಟೆಲಿನ ಹಲಗೆಯ ಮರೆಯ ಹಿಂದಿನ ಬೆಂಚಿನಲ್ಲಿ ಕೂತು ಸುರ್‍ರೆಂದು ಸದ್ದು ಮಾಡುತ್ತ ಉಣ್ಣುತ್ತಿದ್ದರಂತೆ. ಆಮೇಲೆ ಊರಿಗೆ ಹೋದರು. ಮತ್ತೆ ಸುದ್ದಿಯಿಲ್ಲ.

ಈಗ ಆ ಬೆಂಚಿನಿಂದ ಅದೇ ಸದ್ದು ಬರುತ್ತಿದೆ ಎಂದು ಓಣಿಯೆಲ್ಲ ಗುಲ್ಲು. ಗಿರಾಕಿಗಳು ಕಾಲು ಕಿತ್ತಿದ್ದರು. "ಹಿಂಗೇ ಆದ್ರೆ ಅಂಗಡಿ ಮುಚ್ಬೇಕು," ಎಂದಳು ಆಫ್ರೀನ್. "ಒಲೆ ಆರಿದ್ರೆ ನಾನೀನೂ ಉಳಿಯಲ್ಲ."

ಮಧ್ಯಾಹ್ನ ಹೋದೆವು. ಕರೆಂಟಿರಲಿಲ್ಲ. ಬೋಗುಣಿ ಮುಂದಿಟ್ಟುಕೊಂಡು ಕಡ್ಡಿ ಕೈಗೆತ್ತಿಕೊಂಡಿದ್ದೆ, ಅಷ್ಟೇ. ಮರೆಯ ಹಿಂದೆ ಸುರ್‍ರ್... ಒಂದು ಉಸಿರಿನಷ್ಟು ಬಿಡುವು. ಮತ್ತೆ ಸುರ್‍ರ್. ಹಸಿದ ಮನುಷ್ಯನದೇ ಸದ್ದು. ಹೆದರಿದೆ, ಸುಳ್ಳು ಹೇಳುವುದಿಲ್ಲ. ಎದ್ದು ಹೋಗಿ ನೋಡಿದೆ. ಬೆಂಚು ಖಾಲಿ.

ಜೀವಂತವಾಗಿ ಊರಿಗೆ ಹೋದವರ ದೆವ್ವ ಇಲ್ಲೇಕೆ ಬರಬೇಕು? ಗೋಡೆಗೆ ಕಿವಿಯಿಟ್ಟೆ. ಆಚೆ ಬದಿ ನೂಲಿನ ಘಟಕ. ಬಿಸಿನೀರಿನ ತೊಟ್ಟಿ ಬರಿದಾದಾಗಲೆಲ್ಲ ಗೋಡೆಯೊಳಗಿನ ಪೈಪು ಗಾಳಿ ಹೀರುತ್ತಿತ್ತು. ಘಟಕದ ಇಮ್ತಿಯಾಜಣ್ಣ ವಾಲ್ವು ತಿರುಗಿಸಿದರೆ ಸದ್ದು ನಿಂತಿತು, ಬಿಟ್ಟರೆ ಬಂತು.

"ಥೂ, ಇದುಕ್ಕಾ ಅಷ್ಟೊಂದ್ ಹೆದ್ರುಕೊಂಡಿದ್ದು!" ಎಂದು ನಕ್ಕು ಅವರು ಪೈಪು ಕಿತ್ತು ಬೇರೆ ಕಡೆ ಹಾಕಿಸಿದರು. ತೂತಿಗೆ ಸಿಮೆಂಟು ಮೆತ್ತಿದರು.

ನಾನು ಷೀಲ್ಡ್ ಇನ್ನೊಮ್ಮೆ ಗೆದ್ದವಳ ಹಾಗೆ ನಿಂತಿದ್ದೆ. ನಾನಿ ಮಾತ್ರ ಸೆರಗಲ್ಲಿ ಕೈ ಒರೆಸಿಕೊಳ್ಳುತ್ತ, "ಆ ಪೈಪು ಮೊನ್ನೆಮೊನ್ನೆದು ಮಗಾ. ನಾನು ಅದಕ್ಕೂ ಮುಂಚಿಂದ ಕೇಳ್ತಾ ಇವ್ನಿ," ಎಂದರು. ವಯಸ್ಸಾದವರ ನೆನಪು ಹಿಂದುಮುಂದಾಗುತ್ತದೆ ಎಂದು ನಾನು ಉತ್ತರ ಕೊಟ್ಟೆ. ಅವರು ಒಲೆಯತ್ತ ತಿರುಗಿದರು.

ಗಿರಾಕಿಗಳು ವಾಪಸು ಬಂದರು. ಕೆಲವೇ ದಿನಗಳಲ್ಲಿ ಮತ್ತೆ ಕಡಿಮೆಯಾದರು. ಈ ಸಲ ಭಯಕ್ಕಲ್ಲ, ಉಪ್ಪಿಗೆ. ಸಾರು ಬಾಯಿಗಿಡಲಾಗದಷ್ಟು ಉಪ್ಪು. ಆಫ್ರೀನ್ ಆಗ ಹೇಳಿದಳು: ನಾನಿಗೆ ನಾಲಿಗೆಯ ರುಚಿ ಹೋಗಿ ಎಷ್ಟೋ ಕಾಲವಾಗಿತ್ತು. ಒಲೆ ಬಿಟ್ಟುಕೊಡಬೇಕಾದೀತೆಂದು ಯಾರಿಗೂ ಹೇಳಿರಲಿಲ್ಲ. ಮರೆಯ ಹಿಂದೆ ಸದ್ದು ಕೇಳಿದರೆ ಸಾರು ಹದವಾಗಿದೆ, ಕೇಳದಿದ್ದರೆ ಇನ್ನೊಸಿ ಉಪ್ಪು ಹಾಕಬೇಕು. ಅಷ್ಟೇ ಅವರ ಲೆಕ್ಕ. ಪೈಪಿಗೆ ಉಪ್ಪು ಖಾರ ಗೊತ್ತಿರಲು ಸಾಧ್ಯವಿಲ್ಲ. ಆದರೆ ಅದಿದ್ದಾಗ ಸಾರು ಒಂದು ದಿನವೂ ಕೆಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಒಬ್ಬಳೇ ಹೋದೆ. ಬಡಿಸುವ ಹುಡುಗ ಕೊಟ್ಟ ಬೋಗುಣಿ ಹಿಡಿದು ಆ ಬೆಂಚಿನಲ್ಲೇ ಕೂತೆ. ನಾನಿ ನನ್ನನ್ನು ಗಮನಿಸಿರಲಿಲ್ಲ. ಬಿಸಿ ಶಾವಿಗೆ ತುಟಿ ಸುಟ್ಟಿತು. ಬೇಕೆಂದಲ್ಲ, ಸುರ್‍ರೆಂದು ಎಳೆದುಕೊಂಡೆ.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

"ಬಂದ್ರಾ ಸಾಬ್?"

'ನಾನು' ಎಂದು ಹೇಳಬೇಕಿತ್ತು. ಹೇಳಲಿಲ್ಲ. ಇನ್ನೊಮ್ಮೆ ಸದ್ದು ಮಾಡೋಣವೆಂದರೆ ಸಾರು ಉಪ್ಪುಪ್ಪು, ಸುಳ್ಳು ಹೇಳಿದಂತಾಗುತ್ತದೆ. ಬೋಗುಣಿ ಬೆಂಚಿನ ಮೇಲಿಟ್ಟು ಸುಮ್ಮನೆ ಕೂತೆ.

"ಯಾಕೆ, ಉಪ್ಪು ಜಾಸ್ತಿ ಆಯ್ತಾ? ತಡೀರಿ, ತಡೀರಿ." ಪಾತ್ರೆಗೆ ನೀರು ಸುರಿದದ್ದು ಕೇಳಿಸಿತು. ಸೌಟು ತಿರುಗಿತು. "ಈಗ ನೋಡಿ."

ಸುರ್‍ರ್.

ನನ್ನ ಪಕ್ಕದಲ್ಲೇ. ನನ್ನ ಬೋಗುಣಿ ಬೆಂಚಿನ ಮೇಲಿತ್ತು, ಕಡ್ಡಿಗಳು ಅದರ ಮೇಲೆ. ನನ್ನ ಬಾಯಿ ಮುಚ್ಚಿತ್ತು. ಗೋಡೆ ಮುಟ್ಟಿ ನೋಡಿದೆ, ಸಿಮೆಂಟು ಗಟ್ಟಿಯಾಗಿ, ಒಣಗಿ ನಿಂತಿತ್ತು.

"ಹಾಂ, ಈಗ ಸರೋಯ್ತು," ಎಂದು ನಾನಿ ನಕ್ಕರು. ನಾನು ಮರೆಯಿಂದ ಹೊರಗೆ ಬಂದು ಪಾತ್ರೆಯಿಂದ ಒಂದು ಸೌಟು ಬಡಿಸಿಕೊಂಡು ಕುಡಿದೆ. ಹದವಾಗಿತ್ತು.

ಆಮೇಲೆ ಸಾರು ಕೆಡಲಿಲ್ಲ, ಹೋಟೆಲು ಮುಚ್ಚಲಿಲ್ಲ. ಸದ್ದಿನ ಮಾತನ್ನು ಯಾರೂ ಎತ್ತಲಿಲ್ಲ. ನಾನು ಆಫ್ರೀನ್‌ಗೂ ಹೇಳಿಲ್ಲ. ಬೇರೆ ಯಾವುದೋ ಪೈಪಿರಬಹುದು. ನನ್ನ ಕಿವಿಯೇ ಇರಬಹುದು. ವೇದಿಕೆ ಹತ್ತಿದರೆ ಈಗಲೂ ದೆವ್ವ ಇಲ್ಲವೆಂದೇ ವಾದಿಸುತ್ತೇನೆ, ಗೆಲ್ಲುತ್ತೇನೆ ಕೂಡ. ಆದರೆ ನಾನಿಯ ಹೋಟೆಲಿಗೆ ಹೋದರೆ ಆ ಬೆಂಚಿನ ಒಂದು ತುದಿಗೆ ಸರಿದು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಉಣ್ಣುತ್ತೇನೆ.