ಹಿಟ್ಟಿನಲ್ಲಿ ಮದ್ದು

ಆಗ ತಮಿಳುನಾಡಿನ ಗಡಿಯೊಳಗಿರುವ ದೊಡ್ಡಗಾಜನೂರಿನ ನಮ್ಮ ಬೀದಿಗೆ ಇದ್ದದ್ದು ಒಂದೇ ಫೋನು, ಅಂಗಡಿಯ ಮುಂದಿನ ನಾಣ್ಯದ ಡಬ್ಬಿ. ಹಾಸನೂರಿನಿಂದ ಭಾವ ಅದಕ್ಕೆ ಫೋನ್ ಮಾಡಿ, "ನಿಮ್ ಮಗಳ್ನ ಕರ್ಕೊಂಡೋಗಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟ. ನಾನೂ ಅವ್ವನೂ ಹೋಗಿ ಅಕ್ಕನನ್ನು ಕರೆತಂದೆವು. ಅಪ್ಪ ಬಹಳ ಹಿಂದೆಯೇ ತೀರಿಕೊಂಡಿದ್ದರು. ಮನೆಯಲ್ಲಿ ನಾವು ಮೂವರು ಹೆಂಗಸರು.

ಅಕ್ಕ ಗೋಡೆಗೆ ಮುಖ ಮಾಡಿ ಕೂತು ಯಾರಿಗೋ ಉತ್ತರ ಕೊಡುತ್ತಿದ್ದಳು. ಊಟಕ್ಕೆ ಕರೆದರೆ "ಮದ್ದಾಕಿದ್ದೀರಿ" ಎನ್ನುತ್ತಿದ್ದಳು. ನಮ್ಮ ಕಡೆ ಮದ್ದು ಎಂದರೆ ಔಷಧಿಯೂ ಹೌದು, ಕೆಡುಕು ಬಯಸಿದವರು ಅನ್ನದಲ್ಲಿ ಕಲಸಿಡುವ ವಿಷವೂ ಹೌದು. ಚಾಮರಾಜನಗರದ ಡಾಕ್ಟರು ಮಾತ್ರೆ ಕೊಟ್ಟರು. ಅಕ್ಕ ಉಗುಳಿದಳು. ಅವ್ವ ಮಾತ್ರೆಯನ್ನು ಪುಡಿ ಮಾಡಿ ರಾಗಿಮುದ್ದೆಯೊಳಗೆ, ನಮ್ಮ ಮಾತಿನಲ್ಲಿ ಹಿಟ್ಟಿನೊಳಗೆ, ಸೇರಿಸತೊಡಗಿದಳು.

ಅಕ್ಕ ನಿದ್ದೆ ಮಾಡತೊಡಗಿದಳು, ಗೋಡೆಯ ಜೊತೆಗಿನ ಮಾತೂ ಕಮ್ಮಿಯಾಯಿತು. ಆದರೆ ಮುದ್ದೆಯನ್ನು ಮುರಿದು, ಮೂಸಿ, ಬೆಳಕಿಗೆ ಹಿಡಿದು ನೋಡುವುದು ಮಾತ್ರ ಹೆಚ್ಚಿತು.

"ಇದ್ರಲ್ಲಿ ಏನೋ ಅದೆ ಕಣವ್ವ."

"ಮಾದಪ್ಪನಾಣೆಗೂ ಏನೂ ಇಲ್ಲ, ಉಣ್ಣು" ಎನ್ನುತ್ತಿದ್ದಳು ಅವ್ವ. ಆಣೆ ಇಟ್ಟ ದಿನ ಅವಳೂ ಸರಿಯಾಗಿ ಉಣ್ಣುತ್ತಿರಲಿಲ್ಲ.

ಇಂಥ ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಯವರಿಗಾಗಿ ತಾಳವಾಡಿಯಲ್ಲಿ ತಿಂಗಳಿಗೊಮ್ಮೆ ಪಾಠ ನಡೆಯುತ್ತದೆಂದು ಯಾರೋ ಹೇಳಿದರು. ಪಕ್ಕದ ಮನೆಯವರನ್ನು ಅಕ್ಕನ ಹತ್ತಿರ ಬಿಟ್ಟು ಹೋದೆವು. ಸತ್ಯಮಂಗಲದಿಂದ ಬಂದ ಮೇಡಂ ತಮಿಳಿನಲ್ಲಿ ಮಾತಾಡಿದರು. ಅವ್ವನಿಗೆ ಬರುತ್ತಿದ್ದದ್ದು ಸಂತೆಯ ತಮಿಳು. ಹಾಗಾಗಿ ನಾನು ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೆ. ಇದು ಪಾಪದ ಫಲವಲ್ಲ, ತಾಯಿ ಬೆಳೆಸಿದ ರೀತಿಯ ತಪ್ಪಲ್ಲ ಎಂದಾಗ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕಾಯಿಲೆಯವರಿಗೆ ಕೇಳಿಸುವ ದನಿಯ ಜೊತೆ ಜಗಳಕ್ಕೆ ನಿಲ್ಲಬೇಡಿ, ಹಾಗಂತ ಹೂಂಗುಟ್ಟಲೂ ಬೇಡಿ ಎಂದರು. ಆಮೇಲೆ, ಮಾತ್ರೆಯನ್ನು ಕದ್ದು ಊಟದಲ್ಲಿ ಬೆರೆಸಬೇಡಿ, ಒಮ್ಮೆ ಗೊತ್ತಾದರೆ ಅವರು ನಿಮ್ಮನ್ನು ನಂಬುವುದಿಲ್ಲ ಎಂದರು. ಆ ಮಾತನ್ನೂ ಅವ್ವನಿಗೆ ಹೇಳಿದೆ.

"ಕೇಳು ಅವ್ರ್ನ. ನಿಜ ಏಳಿ ಮಾತ್ರೆ ಕೊಟ್ರ ನುಂಗ್ದೆ ಇದ್ರೆ?" ಎಂದಳು ಅವ್ವ.

ಹಾಗೂ ಆಗಬಹುದು, ಡಾಕ್ಟರನ್ನು ಕೇಳಿಕೊಂಡೇ ಮಾಡಿ, ಆದರೂ ನಿಜ ಹೇಳುವುದೇ ಒಳ್ಳೆಯದು ಎಂದರು ಮೇಡಂ.

ಚಾಮರಾಜನಗರಕ್ಕೆ ಹೋಗಿ ಕೇಳಿದಾಗ ಡಾಕ್ಟರೂ ಅದನ್ನೇ ಹೇಳಿದರು. ಮನೆಗೆ ಬಂದಾಗ ಅಕ್ಕ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅವ್ವ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

"ಇಟ್ಟಲ್ಲಿ ನಾನೇ ಮಾತ್ರೆ ಆಕ್ತಿದ್ದಿ ಕಣವ್ವ. ನಿಂಗ ವಾಸಿ ಆಗ್ಲಿ ಅಂತ."

ಅಕ್ಕ ಕಿರುಚಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು.

"ಏನೋ ಅದೆ ಅಂತ ನಾ ಏಳ್ದಾಗ ನಂಗೇ ಉಚ್ಚು ಅಂದ್ರಲ್ಲ."

ಅವತ್ತಿನಿಂದ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ತಾನೇ ಬೇಯಿಸಿಕೊಂಡಳು. ಒಂದಷ್ಟು ಕಾಲ ನಾನು ಪಟ್ಟಿಯಿಂದ ಬಿಡಿಸಿ ಕೊಟ್ಟ ಮಾತ್ರೆ ನುಂಗಿದಳು. ಬೇಸಿಗೆಯಲ್ಲಿ ಅದನ್ನೂ ನಿಲ್ಲಿಸಿದಳು. ಒಂದು ಬೆಳಗ್ಗೆ ಕಾಡಿನ ದಾರಿ ಹಿಡಿದು ಹೋದವಳನ್ನು ದನ ಮೇಯಿಸುವವರು ಕರೆತಂದರು. ಕಾಲೆಲ್ಲ ಮುಳ್ಳು. ಆಸ್ಪತ್ರೆಗೆ ಸೇರಿಸಿದೆವು. ಬಂದಮೇಲೂ ಅವ್ವನ ಕೈಯಿಂದ ನೀರು ಕೂಡ ಮುಟ್ಟಲಿಲ್ಲ.

ಅವ್ವ ಪಾಠಕ್ಕೆ ಹೋಗುವುದನ್ನು ಬಿಡಲಿಲ್ಲ. "ನಿಂಗ ಸಿಟ್ಟಿಲ್ವ ಆ ಮೇಡಮ್ಮನ್ ಮ್ಯಾಲ?" ಎಂದು ಒಮ್ಮೆ ಕೇಳಿದೆ.

"ಅವ್ರೇನ್ ಮಾಡಾರು? ನಾ ಅಲ್ಲಿಗ ಓಗಿದ್ದೇ ತಡವಾಗಿ" ಎಂದಳು. ಅಲ್ಲಿಗೆ ಹೊಸದಾಗಿ ಬಂದ ತಾಯಂದಿರ ಪಕ್ಕದಲ್ಲಿ ಕೂತು, ತನ್ನ ಹರುಕು ತಮಿಳಿನಲ್ಲೇ, ಕದ್ದು ಹಾಕಬೇಡಿ ಎಂದು ಹೇಳುತ್ತಿದ್ದಳಂತೆ.

ಮೂರು ವರ್ಷದ ಮೇಲೆ ಅವ್ವ ಹೋದಳು. ಕೊನೆಯ ವಾರ ಅಕ್ಕನೇ ಹಿತ್ತಿಲ ಒಲೆಯಲ್ಲಿ ಗಂಜಿ ಕಾಯಿಸಿ ತಂದು ಅವಳಿಗೆ ಕುಡಿಸಿದಳು. ಅವ್ವ ಏನೂ ಕೇಳದೆ ಕುಡಿದಳು. ಅಕ್ಕ ಈಗ ನನ್ನ ಜೊತೆಗಿದ್ದಾಳೆ. ಮಾತ್ರೆಯನ್ನು ಕೆಲವು ದಿನ ನುಂಗುತ್ತಾಳೆ, ಕೆಲವು ದಿನ ಇಲ್ಲ.