ಹಾಲಸ್ವಾಮಿಯ ಚಿಂದಿ ಲೆಕ್ಕ

ಟಪ್. ಟಪ್. ಶವರಿನ ಹನಿ ಪ್ಲಾಸ್ಟಿಕ್ ಬಕೀಟಿಗೆ ಬೀಳುವ ಸದ್ದು. ಹೊರಗೆ ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳು ಒಂದರ ಬಾಲ ಒಂದು ಹಿಡಿದು ಗುಡುಗುತ್ತಿದ್ದರೂ ಹಾಲಸ್ವಾಮಿಯ ಕಿವಿಗೆ ಬಡಿಯುತ್ತಿದ್ದುದು ಆ ಹನಿಯೊಂದೇ. ನಾಲ್ಕು ತಿಂಗಳ ಹಿಂದೆ ಈ ಮನೆಯ ಪೈಪಿನ ಕೆಲಸವೆಲ್ಲ ಅವನೇ ಮಾಡಿದ್ದ.

"ನಿನ್ನ ಶವರಿಗಿಂತ ನಮ್ಮ ಎಮ್ಮಿ ಉಚ್ಚಿ ಜೋರೈತಿ ನೋಡು," ಬಚ್ಚಲ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಕೊಟ್ರಬಸಮ್ಮ ಅಂದಳು.

ಲಕ್ವ ಹೊಡೆದ ಮೇಲೆ ಆಕೆಯ ಬಲಗೈ ತಂಬಿಗೆ ಎತ್ತುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ಒಬ್ಬಳೇ ಮೀಯುವ ಸುಖವನ್ನು ಈ ಶವರು ಮರಳಿ ಕೊಟ್ಟಿತ್ತು. ಆಮೇಲೆ ನೀರು ದಿನದಿನಕ್ಕೆ ಸಣ್ಣಗಾಯಿತು. ಈಗ ವಾರದಿಂದ ಸೊಸೆ ಸೌಜನ್ಯಳೇ ನೀರು ಹಾಕಬೇಕು.

"ಸೊಸಿ ಒಳ್ಳ್ಯಾಕಿನ. ಆದ್ರ ಮೈ ನಂದಲ್ಲೇನು?"

"ಟ್ಯಾಂಕ್ ತಗ್ಗಾತ್ರಿ ಅವ್ವಾರ. ಅದರ ಕೆಳಗಿನ ಕಟ್ಟಿ ಒಡದು ನಾಕಡಿ ಎತ್ತರಿಸಿದ್ರ ನೀರು ತಾನ ಜೋರ್ ಬರ್ತೈತಿ."

"ಮೊದಲು ಮಸ್ತ್ ಬರ್ತಿತ್ತಲ್ಲ, ಆಗ ಎತ್ತರಿತ್ತೇನು? ಮ್ಯಾಲ ಹತ್ತಿ ನೋಡಿ ಮಾತಾಡು."

ಮಾತು ಮುಳ್ಳಿನಂತೆ ನಾಟಿತು. ಸೋಮವಾರ ಬಂಡ್ರಿಯ ಜಂಬಕ್ಕನ ಅಂಗಳದಲ್ಲಿ ನಿಂತು, ಏಣಿ ಮುಟ್ಟದೆ ಇದೇ ಮಾತು ಹೇಳಿ ಬಂದಿದ್ದ. ಈ ಬೇಸಿಗೆಯಲ್ಲೇ ಅವನು ಪೈಪು ಹಾಕಿಕೊಟ್ಟಿದ್ದ ಅವಳ ಬಚ್ಚಲ ನಲ್ಲಿಯೂ ಹೀಗೇ ಸೊರಗಿತ್ತು. ಕಟ್ಟೆ ಒಡೆಯುವುದಾದರೆ ಗುರುವಾರವೇ ಗಾರೆಯವರನ್ನು ಕರೆಸುತ್ತೇನೆ ಅಂದಿದ್ದಳು ಪಾಪ. ಆ ವರ್ಷಗಳೇ ಹಾಗಿದ್ದವು. ಗಣಿ ಶುರುವಾದದ್ದೇ ಊರಿಗೆ ಊರೇ ಮನೆ ಕಟ್ಟತೊಡಗಿ, ಒಂದು ಮನೆಯಲ್ಲಿದ್ದರೆ ಇನ್ನು ಮೂರು ಮನೆಯವರು ಅವನ ಹೆಸರು ಕೂಗುತ್ತಿದ್ದರು.

ಶವರಿನ ತಟ್ಟೆ ಬಿಚ್ಚಿ ಹುಣಿಸೆಹಣ್ಣು ಹಚ್ಚಿ ತಿಕ್ಕಿದ. ತೂತುಗಳೆಲ್ಲ ತೆರೆದವು, ನೀರು ಹೆಚ್ಚಲಿಲ್ಲ. ತಟ್ಟೆ ಹಾಕದೆ ಬಿಟ್ಟು ನೋಡಿದ. ಪೈಪಿನಲ್ಲೇ ನೀರು ನೂಲಿನಷ್ಟು. ಅಡುಗೆಮನೆಯ ನಲ್ಲಿ ಮಾತ್ರ ಭೋರೆನ್ನುತ್ತಿತ್ತು. ಅದೇ ಟ್ಯಾಂಕು, ಆದರೆ ಬಚ್ಚಲಿನ ಪೈಪಿಗೆ ಬೇರೆ ಬಾಯಿ. ಟ್ಯಾಂಕು ತಗ್ಗಾಗಿದ್ದರೆ ಎರಡೂ ಸೊರಗಬೇಕಿತ್ತು. ಹಾಲಸ್ವಾಮಿ ಏಣಿ ಹತ್ತಿದ.

ಮುಚ್ಚಳ ತೆಗೆದು ಭುಜದವರೆಗೆ ತೋಳು ಇಳಿಸಿದ. ಬಚ್ಚಲ ಪೈಪಿನ ಬಾಯಿಗೆ ದಾರದಿಂದ ಬಿಗಿದ ಬಟ್ಟೆ ಬೆರಳಿಗೆ ತಾಗಿತು. ದಾರ ಕಿತ್ತು ಎಳೆದದ್ದೇ ಟ್ಯಾಂಕಿನೊಳಗೆ ನೀರು ಗಟಗಟ ಕುಡಿದಂತೆ ಸದ್ದಾಯಿತು. ಕೈಗೆ ಬಂದದ್ದು ಕೆಮ್ಮಣ್ಣು ಮೆತ್ತಿ ರೊಟ್ಟಿಯಷ್ಟು ಗಟ್ಟಿಯಾದ ಚಿಂದಿ. ಹಿಂಡಿದಾಗ ಕೆಂಪು ಇಳಿದು ಹಸಿರು ಕಂಡಿತು, ಅಂಚಿಗೆ ಹಳದಿ. ಹೆಂಡತಿ ಹೊಳೆಮ್ಮನ ಹಳೇ ಸೀರೆ.

ಕೆಲಸ ಮುಗಿಯುವ ತನಕ ಅದಿರಿನ ಧೂಳು ಒಳಗೆ ಹೋಗದಂತೆ ಪೈಪಿನ ಬಾಯಿಗೆಲ್ಲ ಚಿಂದಿ ಕಟ್ಟುವುದು ಆ ಕಡೆಯ ಕೆಲಸದ ರೀತಿ. ಹತ್ತು ಕಟ್ಟಿದರೆ ಹತ್ತು ಬಿಚ್ಚಿ, ಎಣಿಸಿ ಜೇಬಿಗೆ ಹಾಕಿಕೊಳ್ಳಬೇಕು, ಆಮೇಲೆಯೇ ಊಟ ಎಂದು ಕೆಲಸ ಕಲಿಸಿದ ಉಚ್ಚೆಂಗೆಪ್ಪ ಹೇಳಿಕೊಟ್ಟಿದ್ದ. ಇಪ್ಪತ್ತು ವರ್ಷ ಎಣಿಸಿದವನು ಈ ಬೇಸಿಗೆಯಲ್ಲಿ ಎಣಿಸುವುದನ್ನು ಬಿಟ್ಟಿದ್ದ. ಯಾವಾಗ ಬಿಟ್ಟೆ ಎಂಬುದೂ ನೆನಪಾಗಲಿಲ್ಲ.

ಕೆಳಗಿಳಿಯುವಷ್ಟರಲ್ಲಿ ಬಚ್ಚಲ ಬಾಗಿಲು ಮುಚ್ಚಿತ್ತು. ಒಳಗೆ ಮಳೆ ಸುರಿಯುವ ಸದ್ದು, ಅದರ ನಡುವೆ ಮುದುಕಿಯ ಗುನುಗು. ಸೌಜನ್ಯ ಚಹಾ ತಂದಳು.

"ಏನಾಗಿತ್ರಿ ಅಣ್ಣಾರ?"

ಅವನು ಚಿಂದಿ ತೋರಿಸಿದ. "ನಂದ ತಪ್ಪಮ್ಮ. ನಾನ ಕಟ್ಟಿದ್ದು, ಬಿಚ್ಚೋದು ಮರ್ತೆ."

"ನಮ್ಮತ್ತಿಗೆ ಹೇಳಬ್ಯಾಡ್ರಿ, ಸಾಯೋತನಕ ಆಡ್ಕೊಂತಾರ," ಅವಳು ನಕ್ಕಳು. "ಪುಣ್ಯಕ್ಕ ಮ್ಯಾಲ ಹತ್ತಿ ನೋಡಿದ್ರಿ. ಇಲ್ಲಾಂದ್ರ ಇವತ್ತು ಗುರುವಾರ, ಗಾರೆಯವರು ಪ್ಯಾಟಿಗೆ ಬರೋ ದಿನ. ನಮ್ಮನಿಯವರು ಅವರನ್ನ ಕರ್ಕೊಂಡು ಬಂದು ಕಟ್ಟಿ ಒಡಸೇ ಬಿಡ್ತಿದ್ರು."

ಹಾಲಸ್ವಾಮಿ ತುಟಿಗೊಯ್ದ ಲೋಟ ಇಳಿಸಿದ. ಜಂಬಕ್ಕನ ಮನೆಗೂ ಗಾರೆಯವರು ಬರುವುದು ಇವತ್ತೇ. ಬಂಡ್ರಿಯಲ್ಲಿ ಕಟ್ಟಿದ ಚಿಂದಿಯೂ ಇದೇ ಸೀರೆಯದು. ಅಲ್ಲಿಯೂ ಎಣಿಸಿರಲಿಲ್ಲ.

"ಸಂಜಿಕ ಬರ್ರಿ, ನಮ್ಮಣ್ಣಾರ ಮನ್ಯಾಗೂ ಒಂದು ಕೆಲಸ ಐತಿ. ಅವರು ನಿಮ್ಮನ್ನ ಭಾಳ ದಿನದಿಂದ..."

ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಒದ್ದೆ ಚಿಂದಿಯನ್ನು ಜೇಬಿಗೆ ತುರುಕಿ, ಅವನು ಆಗಲೇ ಗೇಟು ದಾಟಿ, ಬಂಡ್ರಿ ಮೇಲೆ ಹೋಗುವ ಸಂಡೂರಿನ ಬಸ್ಸಿಗೆ ಕೈ ಅಡ್ಡ ಹಿಡಿದಿದ್ದ.